ದಕ್ಷಿಣ ಭಾರತ ಐಕ್ಯಸಭೆಯ ವಿಶ್ವಾಸಸಾರ

೧. ವಿಷಯಪ್ರವೇಶ

ಕುಂದಾಪುರ, ಬೈಂದೂರು, ಬ್ರಹ್ಮಾವರ ಎಂಬ ಮೂರು ತಾಲೂಕುಗಳ ಕರಾವಳಿಯಲ್ಲಿ ಕ್ರೈಸ್ತಮತಾನುಯಾಯಿಗಳು ಬಹುಕಾಲದಿಂದ ನೆಲಸಿರುವರು. ಇತರ ಮತದವರು ಇವರೆಲ್ಲರನ್ನೂ ಒಂದೇ ಪಂಗಡದವರೆಂದು ಬಗೆಯುವುದು ವಾಡಿಕೆ. ಆದರೆ ವಿಚಾರಿಸಿ ನೋಡಿದಲ್ಲಿ ಮುಖ್ಯವಾಗಿ ಮೂರು ಧಾರೆಗಳು ಕಂಡುಬರುವುವು. ಮೊದಲನೆಯದು ಪೋರ್ಚುಗೀಸರ ಕಾಲದಿಂದ ಬಂದ ರೋಮನ್ ಕೆಥೋಲಿಕರ ಧಾರೆ. ಕುಂದಾಪುರದ ರೋಜರಿ ಮಾತೆಯ ಇಗರ್ಜಿಯ ಮೂಲವು ೧೫೭೦ನೆಯ ಇಸವಿಗೆ ಸಲ್ಲುವುದು. ಈ ಪಂಗಡದವರ ಮನೆಮಾತು ಪ್ರಾಯಶಃ ಕೊಂಕಣಿ. ಎರಡನೆಯದು ಬ್ರಹ್ಮಾವರದ ಆರ್ಥೊಡಾಕ್ಸ್ ಸಿರಿಯನ್ ಪಂಗಡ. ಗೋವೆಯ ಪಾದ್ರಿಗಳಾಗಿದ್ದ ಆಲ್ವಾರಿಸರು ೧೮೮೯ರಲ್ಲಿ ಮಲಂಕರ ಸಭೆಯವರಿಂದ ಮಾರ್ ಜೂಲಿಯಸ್ ಎಂಬ ಹೆಸರಿನಿಂದ ಬಿಷಪರಾಗಿ ಅಭಿಷಿಕ್ತರಾದರು. ಅವರೊಡನೆ ನಿಂತ ನೊರೋನ್ಹಾ ಪಾದ್ರಿಗಳು ಬ್ರಹ್ಮಾವರದಲ್ಲಿ ೧೯೩೬ರಲ್ಲಿ ಗತಿಸುವ ತನಕ ಆ ಪಂಗಡವನ್ನು ಪಾಲಿಸಿದರು. ಮೂರನೆಯದು, ಕೆಥೋಲಿಕರಿಗಿಂತ ಸಂಖ್ಯೆಯಲ್ಲಿ ಬಹಳ ಅಲ್ಪವಾದ ಪ್ರೊಟೆಸ್ಟೆಂಟರ ಧಾರೆ. ಬಾಸೆಲ್ ಮಿಶನ್ನಿನಿಂದ ಹುಟ್ಟಿ, ಈಗ 'ದಕ್ಷಿಣ ಭಾರತ ಸಭೆ' ಅಥವಾ ಸಿ.ಎಸ್.ಐ. ಎಂಬ ಐಕ್ಯಸಭೆಯಲ್ಲಿ ಅಡಕವಾಗಿರುವುದು ಇದೇ.

ಈ ಮೂರನೆಯ ಪಂಗಡದ ಮತಸ್ವರೂಪವೇನೆಂಬುದು ಪ್ರಕೃತ ಲೇಖನದ ವಿಚಾರ. ಇದರಲ್ಲಿ ಒಂದು ವಿಶೇಷ ಸಮಸ್ಯೆಯುಂಟು. ಈ ಸಭೆಯು ಒಬ್ಬ ಆಚಾರ್ಯನ ಪ್ರಸ್ಥಾನವಲ್ಲ. ಬಿಷಪರಿಲ್ಲದೆ ಸಭೆಯು ನಡೆಯಲಾರದೆಂದು ಹೇಳುತ್ತಿದ್ದವರೂ, ಬಿಷಪರ ಅಧಿಕಾರವು ಸುವಾರ್ತೆಗೆ ಅನಾವಶ್ಯಕವೆಂದು ಹೇಳುತ್ತಿದ್ದವರೂ ಇಂದು ಇದೇ ಸಭೆಯಲ್ಲಿ ಒಂದೇ ಪಂಕ್ತಿಯಲ್ಲಿ ನಿಂತು ಒಂದೇ ಪ್ರಸಾದವನ್ನು ಸ್ವೀಕರಿಸುವರು. ಪರಸ್ಪರ ವಿರುದ್ಧವಾದ ಸಂಪ್ರದಾಯಗಳು ಖಂಡನಮಂಡನಗಳಿಲ್ಲದೆ ಒಂದಾಗುವುದು ಶಾಸ್ತ್ರಪ್ರಪಂಚದಲ್ಲಿ ಅಪೂರ್ವವಾದ ಸಂಗತಿ. ಅದು ಹೇಗೆ ಸಾಧ್ಯವಾಯಿತು, ಹಾಗಾಗುವಲ್ಲಿ ಯಾರು ಏನನ್ನು ಬಿಡಬೇಕಾಯಿತು ಎಂಬಷ್ಟನ್ನು ತಿಳಿದರೆ ಆ ಸಭೆಯ ವಿಶ್ವಾಸವೂ ತಾನಾಗಿಯೇ ತಿಳಿಯುವುದು.

೨. ಬಾಸೆಲ್ ಮಿಶನ್ನಿನ ಪೂರ್ವವೃತ್ತಾಂತ

ಯುರೋಪಿನಲ್ಲಿ ಮತಸುಧಾರಣೆಯಾದ ಕಾಲದಲ್ಲಿಯೇ ಸುಧಾರಕರು ಎರಡು ಪಕ್ಷವಾದರು. ೧೫೨೯ರಲ್ಲಿ ಮಾರ್ಬುರ್ಗ್ ಎಂಬ ಊರಿನಲ್ಲಿ ಜರ್ಮನಿಯ ಲೂಥರನೂ ಸ್ವಿಟ್ಸರ್ಲೆಂಡಿನ ಜ್ವಿಂಗ್ಲಿಯೂ ಕೂಡಿ ವಾದಿಸಿದರು. ಹದಿನೈದು ಪ್ರಕರಣಗಳಲ್ಲಿ ಹದಿನಾಲ್ಕರ ವಿಷಯದಲ್ಲಿ ಇಬ್ಬರಿಗೂ ಒಮ್ಮತವಾಯಿತು. ಹದಿನೈದನೆಯದರಲ್ಲಿ, ಕರ್ತನ ಭೋಜನವೆಂಬ ಸಂಸ್ಕಾರದ ರೊಟ್ಟಿ ಮತ್ತು ದ್ರಾಕ್ಷಾರಸಗಳಲ್ಲಿ ಕ್ರಿಸ್ತನ ದೇಹವೂ ರಕ್ತವೂ ವಸ್ತುತಃ ಇರುವುವೋ, ಅವು ಸ್ಮಾರಕಚಿಹ್ನೆಗಳು ಮಾತ್ರವೋ ಎಂಬ ಒಂದೇ ಅಂಶದಲ್ಲಿ ಭಿನ್ನಾಭಿಪ್ರಾಯವುಳಿಯಿತು. ಆ ಒಂದು ಅಂಶದಿಂದಲೇ ಲೂಥರನ ಪಕ್ಷವೂ 'ಸುಧಾರಿತ' ಎಂಬ ಪಕ್ಷವೂ ಶತಮಾನಗಳ ತನಕ ಬೇರೆ ಬೇರೆಯಾಗಿ ನಿಂತುವು.

೧೮೧೫ರಲ್ಲಿ ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದಲ್ಲಿ ಸ್ಥಾಪಿತವಾದ ಮಿಶನ್ ಸಂಸ್ಥೆಯಲ್ಲಿ ಈ ಎರಡು ಪಕ್ಷದವರೂ ಕೂಡಿದ್ದರು. ವ್ಯುರ್ಟೆಂಬರ್ಗ್ ಪ್ರಾಂತದಿಂದ ಬಂದ ಲೂಥರಪಕ್ಷದ ಭಕ್ತರೂ ಸ್ವಿಸ್ ದೇಶದ ಸುಧಾರಿತಪಕ್ಷದವರೂ ಒಂದೇ ಪಾಠಶಾಲೆಯಲ್ಲಿ ಕಲಿತು ಹೊರದೇಶಗಳಿಗೆ ಹೊರಟರು. ವಾದದ ಸೂಕ್ಷ್ಮಗಳಿಗಿಂತ ಹೃದಯದ ಪರಿವರ್ತನೆಯೂ ಸತ್ಯವೇದದ ಪಠನವೂ ನಿತ್ಯಜೀವನದ ಶುದ್ಧಿಯೂ ಮುಖ್ಯವೆಂಬುದು ಅವರ ಭಾವನೆಯಾಗಿತ್ತು. ೧೮೩೪ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದಾಗ ಅವರೊಡನೆ ಈ ಭಾವನೆಯೂ ಬಂದಿತು. ಆದಕಾರಣ ದಕ್ಷಿಣ ಕನ್ನಡದ ಪ್ರೊಟೆಸ್ಟೆಂಟ್ ಸಭೆಯು ತನ್ನ ಹುಟ್ಟಿನಲ್ಲಿಯೇ ಒಂದು ಸಣ್ಣ ಐಕ್ಯವಾಗಿತ್ತೆಂದು ಹೇಳಬಹುದು.

ಆ ಮಿಶನ್ನಿನ ವಿದ್ವಾಂಸರು ಕನ್ನಡಕ್ಕೆ ಮಾಡಿದ ಸೇವೆಯು ಲೋಕವಿದಿತವಾದುದು. ೧೮೪೩ರಲ್ಲಿ ಮೋಗ್ಲಿಂಗರು ಹೊರಡಿಸಿದ ಮಂಗಳೂರು ಸಮಾಚಾರ, ಕಿಟ್ಟೆಲರು ಶೋಧಿಸಿ ೧೮೭೨ರಲ್ಲಿ ಮುದ್ರಿಸಿದ ಶಬ್ದಮಣಿದರ್ಪಣ, ೧೮೭೫ರಲ್ಲಿ ಮುದ್ರಿಸಿದ ನಾಗವರ್ಮನ ಛಂದೋಂಬುಧಿ, ೧೮೯೪ರಲ್ಲಿ ಪ್ರಕಟವಾದ ಅವರ ನಿಘಂಟು, ಇವುಗಳನ್ನು ಕನ್ನಡಿಗರು ಮರೆಯುವಂತಿಲ್ಲ. ಪ್ರಕೃತಕ್ಕೆ ಬೇಕಾದ ಅಂಶವೇನೆಂದರೆ, ದೇಶಭಾಷೆಯಲ್ಲಿಯೇ ದೇವರನ್ನು ಪ್ರಾರ್ಥಿಸಬೇಕು, ದೇಶಭಾಷೆಯಲ್ಲಿಯೇ ಶಾಸ್ತ್ರವು ಸರ್ವರ ಕೈಗೂ ದೊರೆಯಬೇಕೆಂಬುದು ಅವರ ಮತತತ್ತ್ವವೇ ಆಗಿತ್ತು. ಬಳ್ಳಾರಿಯ ಲಂಡನ್ ಮಿಶನ್ನಿನ ಹ್ಯಾಂಡ್ಸ್ ಎಂಬವರ ಯತ್ನದಿಂದ ೧೮೩೧ರಲ್ಲಿ ಪೂರ್ಣವಾಗಿ ಕನ್ನಡಕ್ಕೆ ಬಂದ ಸತ್ಯವೇದವನ್ನು ಇವರು ಪರಿಷ್ಕರಿಸಿದರು. ತುಳುವಿನಲ್ಲಿ ಹೊಸ ಒಡಂಬಡಿಕೆಯನ್ನು ಅಚ್ಚು ಹಾಕಿಸಿದರು. ಉಡುಪಿಯ ಕಡೆಯಿಂದ ಬಸರೂರು ಕುಂದಾಪುರಗಳ ದಿಕ್ಕಿಗೆ ಈ ಕಾರ್ಯವು ಹಬ್ಬಿದಾಗ, ತುಳುವಿನ ಗಡಿಯನ್ನು ದಾಟಿ ಕನ್ನಡವೇ ಆಡುಮಾತಾದ ಸೀಮೆಯನ್ನು ಹೊಕ್ಕಿತು. ಕೆಥೋಲಿಕರ ಪೂಜೆಯು ೧೯೬೨ರಿಂದ ೧೯೬೫ರ ವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ತನಕ ಲ್ಯಾಟಿನಿನಲ್ಲಿಯೇ ನಡೆಯುತ್ತಿದ್ದುದನ್ನು ನೆನೆದರೆ, ಈ ಭೇದವು ಎಷ್ಟು ದೊಡ್ಡದಾಗಿತ್ತೆಂಬುದು ಗೊತ್ತಾಗುವುದು.

೩. ಐಕ್ಯದ ಇತಿಹಾಸ

ಬಾಸೆಲಿನವರಂತೆಯೇ ಇತರ ಪ್ರೊಟೆಸ್ಟೆಂಟ್ ಮಿಶನ್ನುಗಳೂ ಕನ್ನಡನಾಡಿಗೆ ಬಂದಿದ್ದುವು. ಬಳ್ಳಾರಿ ಬೆಳಗಾವಿಗಳಲ್ಲಿ ಲಂಡನ್ ಮಿಶನ್ನಿನವರು, ಮೈಸೂರು ಸಂಸ್ಥಾನದಲ್ಲಿ ವೆಸ್ಲಿಯ ಅನುಯಾಯಿಗಳಾದ ಮೆಥೊಡಿಸ್ಟರು, ದಂಡಿನ ಊರುಗಳಲ್ಲಿ ಇಂಗ್ಲೆಂಡಿನ ರಾಜಸಭೆಯಾದ ಆಂಗ್ಲಿಕನ್ನರು ನೆಲೆಗೊಂಡರು. ಮಂಗಳೂರಿನ ಸಂತ ಪಾಲರ ಚರ್ಚು ೧೮೪೩ರಲ್ಲಿ ಆಂಗ್ಲಿಕನ್ನರಿಗಾಗಿಯೇ ಕಟ್ಟಲ್ಪಟ್ಟಿತು. ಇವರ ಭೇದಗಳೆಲ್ಲವೂ ಪರದೇಶದ ಚರಿತ್ರೆಯಿಂದ ಹುಟ್ಟಿದವು. ಇಂಗ್ಲೆಂಡಿನ ಅರಸರ ಕಲಹವಾಗಲಿ, ಜಿನೀವಾ ನಗರದ ವಾದವಾಗಲಿ ಕರ್ಣಾಟಕದ ರೈತನಿಗೆ ಸಂಬಂಧಿಸಿದ್ದಲ್ಲ. ಆದರೂ ಬಳ್ಳಾರಿಯಲ್ಲಿ ವಿಶ್ವಾಸಿಯಾದವನು ಒಂದು ಹೆಸರನ್ನೂ ತುಮಕೂರಿನಲ್ಲಿ ವಿಶ್ವಾಸಿಯಾದವನು ಮತ್ತೊಂದು ಹೆಸರನ್ನೂ ಹೊರಬೇಕಾಯಿತು.

ಈ ಅಸಂಗತಿಯನ್ನು ಮೊದಲು ತೀವ್ರವಾಗಿ ಅನುಭವಿಸಿದವರು ಭಾರತೀಯ ಕ್ರೈಸ್ತರೇ. ೧೯೦೮ರಲ್ಲಿ ಪ್ರೆಸ್ಬಿಟೀರಿಯನ್ ಮತ್ತು ಕಾಂಗ್ರಿಗೇಶನಲ್ ಎಂಬ ಪಂಗಡಗಳು ಕೂಡಿ ದಕ್ಷಿಣ ಭಾರತ ಸಂಯುಕ್ತ ಸಭೆಯಾದುವು. ೧೯೧೯ರ ಮೇ ತಿಂಗಳಿನಲ್ಲಿ ತರಂಗಂಬಾಡಿಯಲ್ಲಿ ಕೂಡಿದ ಸಮಾವೇಶದಲ್ಲಿ, ದೋರ್ಣಕಲ್ಲಿನ ಬಿಷಪರಾಗಿದ್ದ ವಿ. ಎಸ್. ಅಜರಾಯರೇ ಮೊದಲಾದವರು ಎಲ್ಲರೂ ಒಂದಾಗಬೇಕೆಂಬ ಹೇಳಿಕೆಗೆ ಒಪ್ಪಿದರು. ಅಲ್ಲಿಂದ ಇಪ್ಪತ್ತೆಂಟು ವರ್ಷ ಚರ್ಚೆ ನಡೆಯಿತು. ಅಜರಾಯರು ಫಲವನ್ನು ಕಾಣದೆ ೧೯೪೫ರ ಜನವರಿಯಲ್ಲಿ ಗತಿಸಿದರು. ಕಡೆಗೆ ೧೯೪೭ರ ಸೆಪ್ಟೆಂಬರ್ ೨೭ರಂದು, ದೇಶವು ಸ್ವತಂತ್ರವಾದ ಆರು ವಾರಗಳಲ್ಲಿ, ಮದರಾಸಿನ ಸಂತ ಜಾರ್ಜರ ಮಹಾದೇವಾಲಯದಲ್ಲಿ ಆಂಗ್ಲಿಕನ್ನರ ನಾಲ್ಕು ಡಯೊಸೀಸುಗಳು, ಮೆಥೊಡಿಸ್ಟರ ದಕ್ಷಿಣ ಪ್ರಾಂತ, ಸಂಯುಕ್ತ ಸಭೆ ಇವು ಮೂರೂ ಸೇರಿ ದಕ್ಷಿಣ ಭಾರತ ಸಭೆಯಾದುವು. ಮೈಸೂರು ಡಯೊಸೀಸಿನ ಮೊದಲನೆಯ ಬಿಷಪರು ಪಿ. ಗುರುಶಾಂತರವರು.

ದಕ್ಷಿಣ ಕನ್ನಡದ ಬಾಸೆಲ್ ಮಿಶನ್ ಸಭೆಗಳು ಒಡನೆಯೇ ಸೇರಲಿಲ್ಲ. ನಂತರದ ವರ್ಷಗಳಲ್ಲಿ ಸೇರಿದುವು. ೧೯೭೦ರಲ್ಲಿ ಮೈಸೂರು ಡಯೊಸೀಸು ಮೂರಾಗಿ ವಿಭಾಗವಾದಾಗ ಮಂಗಳೂರನ್ನು ಕೇಂದ್ರವಾಗಿ ಉಳ್ಳ ಕರ್ಣಾಟಕ ದಕ್ಷಿಣ ಡಯೊಸೀಸು ಏರ್ಪಟ್ಟಿತು. ಉಡುಪಿ ಕುಂದಾಪುರಗಳ ಸೀಮೆಯು ಇದಕ್ಕೆ ಸಲ್ಲುವುದು.

೪. ಪ್ರಧಾನವೂ ಅಂಗವೂ

ಇಪ್ಪತ್ತೆಂಟು ವರ್ಷಗಳ ಚರ್ಚೆಯಲ್ಲಿ ಅನುಸರಿಸಿದ ಕ್ರಮವು ಮೀಮಾಂಸಾಶಾಸ್ತ್ರವನ್ನು ಬಲ್ಲವರಿಗೆ ಅಪರಿಚಿತವಾದುದಲ್ಲ. ಯಾಗದಲ್ಲಿ ಪ್ರಧಾನವೆಂದೂ ಅಂಗವೆಂದೂ ಎರಡು ಬಗೆಯುಂಟು. ಪ್ರಧಾನವು ಲೋಪವಾದರೆ ಯಾಗವೇ ಇಲ್ಲ. ಅಂಗದಲ್ಲಿ ಕೆಲವೆಡೆ ವಿಕಲ್ಪಕ್ಕೆ ಅವಕಾಶವುಂಟು: ವ್ರೀಹಿಯಿಂದಲಾದರೂ ಯವದಿಂದಲಾದರೂ ಪುರೋಡಾಶವನ್ನು ಮಾಡಬಹುದು, ಆದರೆ ಒಂದು ಪ್ರಯೋಗದಲ್ಲಿ ವ್ರೀಹಿಯನ್ನು ಹಿಡಿದವನು ಅದು ಮುಗಿಯುವ ತನಕ ವ್ರೀಹಿಯನ್ನೇ ಹಿಡಿಯಬೇಕು. ಸೂರ್ಯೋದಯಕ್ಕೆ ಮುಂಚೆ ಹೋಮಮಾಡುವುದು, ಉದಯವಾದ ಮೇಲೆ ಮಾಡುವುದು ಎಂಬ ಎರಡು ಪಕ್ಷಗಳಲ್ಲಿ ಅವರವರ ಶಾಖೆಗೆ ಬಂದುದು ಅವರವರಿಗೆ ಸಲ್ಲುವುದು. ಇದಕ್ಕೆ ವ್ಯವಸ್ಥಿತವಿಕಲ್ಪವೆಂದು ಹೆಸರು. ಹೀಗೆ ಎರಡು ಶಾಖೆಗಳು ಭಿನ್ನಾಚಾರವುಳ್ಳವಾದರೂ ವೇದವು ಒಂದೇ.

ಐಕ್ಯಸಭೆಯ ಹಿರಿಯರು ಈ ಪರಿಭಾಷೆಯನ್ನು ಬಳಸಲಿಲ್ಲವಾದರೂ ಈ ಮಾರ್ಗವನ್ನೇ ಹಿಡಿದರು. ೧೮೮೬ರಲ್ಲಿ ಶಿಕಾಗೋ ನಗರದಲ್ಲಿಯೂ ೧೮೮೮ರಲ್ಲಿ ಲಂಡನಿನ ಲ್ಯಾಂಬೆತ್ ಅರಮನೆಯಲ್ಲಿಯೂ ಆಂಗ್ಲಿಕನ್ ಬಿಷಪರು ಐಕ್ಯಕ್ಕೆ ಆಧಾರವಾಗಿ ನಾಲ್ಕು ಪ್ರಧಾನಗಳನ್ನು ಹೇಳಿದ್ದರು. ಅವು ಯಾವುವೆಂದರೆ, ಸತ್ಯವೇದ, ಪ್ರಾಚೀನ ವಿಶ್ವಾಸಪ್ರಮಾಣಗಳು, ಎರಡು ಸಂಸ್ಕಾರಗಳು, ಪರಂಪರಾಗತವಾದ ಬಿಷಪರ ಪದವಿ. ಐಕ್ಯಸಭೆಯು ಈ ನಾಲ್ಕನ್ನೂ ಅಂಗೀಕರಿಸಿತು. ಇವುಗಳನ್ನು ಕ್ರಮವಾಗಿ ವಿಚಾರಿಸುವುದು ಯುಕ್ತ.

೫. ನಾಲ್ಕು ಪ್ರಧಾನಗಳು

ಮೊದಲನೆಯದು ಸತ್ಯವೇದ. ಹಳೆಯ ಒಡಂಬಡಿಕೆ, ಹೊಸ ಒಡಂಬಡಿಕೆ ಎಂಬ ಎರಡು ಭಾಗಗಳುಳ್ಳ ಈ ಗ್ರಂಥದಲ್ಲಿ ರಕ್ಷಣೆಗೆ ಬೇಕಾದುದೆಲ್ಲವೂ ಇದೆಯೆಂದೂ, ವಿಶ್ವಾಸದ ವಿಷಯದಲ್ಲಿ ಅದೇ ಪರಮಪ್ರಮಾಣವೆಂದೂ ಸಭೆಯು ಹೇಳುವುದು. ಕನ್ನಡದಲ್ಲಿ ಇದಕ್ಕೆ ವೇದವೆಂಬ ಹೆಸರು ನಿಂತಿರುವುದರಿಂದ ಪಂಡಿತರಿಗೆ ಭ್ರಾಂತಿಯುಂಟಾಗಬಾರದು. ಮೀಮಾಂಸಕರ ವೇದವು ಅಪೌರುಷೇಯ, ಅನಾದಿ. ಕ್ರೈಸ್ತರ ಸತ್ಯವೇದವಾದರೋ ದೇವಪ್ರೇರಣೆಯಿಂದ ಮನುಷ್ಯರು ಬರೆದುದು, ಚರಿತ್ರೆಯಲ್ಲಿ ನಡೆದ ಘಟನೆಗಳಿಗೆ ಸಾಕ್ಷಿಯಾಗಿರುವುದು. ಆದ್ದರಿಂದ ಅದನ್ನು ಯಾವ ಭಾಷೆಗೆ ತಿರುಗಿಸಿದರೂ ಅದರ ಪ್ರಾಮಾಣ್ಯಕ್ಕೆ ಹಾನಿಯಿಲ್ಲವೆಂಬುದು ಅವರ ನಿಲುವು. ಇಲ್ಲಿ ಸ್ವರವರ್ಣಾನುಪೂರ್ವಿಗಿಂತ ಅರ್ಥವೇ ಪ್ರಧಾನ.

ಎರಡನೆಯದು ವಿಶ್ವಾಸಪ್ರಮಾಣ. ಅಪೊಸ್ತಲರ ವಿಶ್ವಾಸಪ್ರಮಾಣವೆಂದೂ ನಿಕೀಯ ವಿಶ್ವಾಸಪ್ರಮಾಣವೆಂದೂ ಇವು ಎರಡು. ಎರಡನೆಯದರ ಮೂಲವು ೩೨೫ರಲ್ಲಿ ನಿಕೀಯ ಪಟ್ಟಣದಲ್ಲಿ ಕೂಡಿದ ಮಹಾಸಭೆ. ೩೮೧ರಲ್ಲಿ ಕಾನ್‌ಸ್ಟಾಂಟಿನೋಪಲಿನಲ್ಲಿ ಕೂಡಿದ ಮಹಾಸಭೆಗೆ ಅದರ ಈಗಿನ ರೂಪವು ಸಲ್ಲುವುದು. ತಂದೆ, ಮಗ, ಪವಿತ್ರಾತ್ಮ ಎಂಬ ಮೂವರಲ್ಲಿ ದೈವತ್ವವು ಒಂದೇ. ಮಗನು ಮನುಷ್ಯನಾಗಿ ಹುಟ್ಟಿ, ಶಿಲುಬೆಯ ಮೇಲೆ ಮಡಿದು, ಮತ್ತೆ ಎದ್ದನು ಎಂಬುದು ಇವುಗಳ ಸಾರ. ಮಧ್ವಸಿದ್ಧಾಂತವು ಮನೆಮಾತಾಗಿರುವ ಉಡುಪಿಯ ಸೀಮೆಯಲ್ಲಿ ಒಂದು ತಾರತಮ್ಯವನ್ನು ಹೇಳಬಹುದು. ಈಶ್ವರನು ಜೀವನಿಂದ ನಿತ್ಯಭಿನ್ನನೆಂಬುದರಲ್ಲಿ ಇಬ್ಬರಿಗೂ ಸಾಮ್ಯವುಂಟು. ಆದರೆ ಮಧ್ವಮತದಲ್ಲಿ ಜೀವನು ಅನಾದಿ. ಕ್ರೈಸ್ತರಲ್ಲಿ ಜೀವನು ಸೃಷ್ಟನಾದವನು. ಭಗವಂತನ ಅವತಾರಗಳು ವೈಷ್ಣವರಿಗೆ ಅನೇಕ. ಕ್ರೈಸ್ತರಿಗೆ ಅದು ಒಂದೇ ಸಲ, ಒಂದೇ ದೇಶದಲ್ಲಿ, ಒಬ್ಬ ರೋಮೀಯ ಅಧಿಕಾರಿಯ ಕಾಲದಲ್ಲಿ ನಡೆದುದು.

ಇಲ್ಲಿಯೇ ಕೃಪೆಯ ವಿಚಾರವನ್ನೂ ಹೇಳಬೇಕು. ಮನುಷ್ಯನು ತನ್ನ ಪುಣ್ಯಕರ್ಮದಿಂದ ರಕ್ಷಣೆಯನ್ನು ಗಳಿಸಲಾರನು, ದೇವರ ಕೃಪೆಯನ್ನು ವಿಶ್ವಾಸದಿಂದ ಸ್ವೀಕರಿಸುವುದೇ ಮಾರ್ಗವೆಂಬುದು ಪ್ರೊಟೆಸ್ಟೆಂಟರೆಲ್ಲರ ಸಾಮಾನ್ಯ ಸಿದ್ಧಾಂತ. ಶ್ರೀವೈಷ್ಣವರಲ್ಲಿ ಪ್ರಸಿದ್ಧವಾದ ಮರ್ಕಟಕಿಶೋರನ್ಯಾಯ, ಮಾರ್ಜಾರಕಿಶೋರನ್ಯಾಯಗಳಲ್ಲಿ ಇದು ಎರಡನೆಯದಕ್ಕೆ ಸಮೀಪವಾದುದು: ಮರಿಯು ತಾಯಿಯನ್ನು ಹಿಡಿಯುವುದಿಲ್ಲ, ತಾಯಿಯೇ ಮರಿಯನ್ನು ಕಚ್ಚಿ ಒಯ್ಯುವುದು. ಹಾಗಾದರೆ ಸತ್ಕರ್ಮಕ್ಕೆ ಸ್ಥಾನವೇನೆಂದರೆ, ಅದು ರಕ್ಷಣೆಗೆ ಸಾಧನವಲ್ಲ, ರಕ್ಷಿತನಾದವನ ಕೃತಜ್ಞತೆಯ ಫಲ. ವೆಸ್ಲಿಯ ಅನುಯಾಯಿಗಳು ಇದರೊಂದಿಗೆ ಜೀವನದಲ್ಲಿ ಪರಿಶುದ್ಧತೆಯು ಬೆಳೆಯಬೇಕೆಂಬುದನ್ನು ಒತ್ತಿ ಹೇಳುವರು.

ಮೂರನೆಯದು ಸಂಸ್ಕಾರಗಳು. ಕೆಥೋಲಿಕರಲ್ಲಿ ಸಂಸ್ಕಾರಗಳು ಏಳು. ಇವರಲ್ಲಿ ಕ್ರಿಸ್ತನೇ ವಿಧಿಸಿದುವೆಂಬ ಕಾರಣದಿಂದ ದೀಕ್ಷಾಸ್ನಾನ, ಕರ್ತನ ಭೋಜನ ಎಂಬ ಎರಡು ಮಾತ್ರ. ದೀಕ್ಷಾಸ್ನಾನವೆಂಬ ಪದವನ್ನು ಕಲ್ಪಿಸಿದವರು ಸಂಸ್ಕೃತದ ಮರ್ಮವನ್ನು ಅರಿತವರೇ ಆಗಿರಬೇಕು. ಸ್ನಾನವು ಶುದ್ಧಿಯನ್ನೂ ದೀಕ್ಷೆಯು ಹೊಸ ಜನ್ಮವನ್ನೂ ಸೂಚಿಸುವುವು. ಇದು ಒಬ್ಬನಿಗೆ ಒಂದೇ ಸಲ. ಕರ್ತನ ಭೋಜನವಾದರೋ ಪುನಃಪುನಃ ಆಚರಿಸತಕ್ಕದ್ದು. ಮಾರ್ಬುರ್ಗಿನಲ್ಲಿ ಮುರಿದುಬಿದ್ದ ಪ್ರಶ್ನೆಗೆ ಐಕ್ಯಸಭೆಯು ಕೊಟ್ಟ ಉತ್ತರವು ಗಮನಾರ್ಹವಾದುದು. ಇವು ದೇವರು ನಮ್ಮಲ್ಲಿ ಕಾರ್ಯನಡಿಸುವ ಕೃಪಾಸಾಧನಗಳೆಂದು ಮಾತ್ರ ಅದು ಹೇಳಿತು. ರೊಟ್ಟಿಯಲ್ಲಿ ಕ್ರಿಸ್ತನ ಸಾನ್ನಿಧ್ಯವು ಯಾವ ಪ್ರಕಾರದ್ದೆಂಬುದಕ್ಕೆ ಲಕ್ಷಣವನ್ನು ಬರೆಯಲಿಲ್ಲ.

ನಾಲ್ಕನೆಯದು ಬಿಷಪರ ಪದವಿ. ಅತ್ಯಂತ ದುಸ್ತರವಾದುದು ಇದೇ. ಅಪೊಸ್ತಲರಿಂದ ಕೈಯಿಟ್ಟು ಕೈಯಿಟ್ಟು ಬಂದ ಪರಂಪರೆಯಿಲ್ಲದ ಸಭಾಪಾಲಕನು ನಡಸಿದ ಭೋಜನವು ಸಿಂಧುವೇ ಎಂಬ ಶಂಕೆಯು ಆಂಗ್ಲಿಕನ್ನರಲ್ಲಿ ಹಲವರಿಗಿತ್ತು. ತಮ್ಮ ಹಿರಿಯರ ದೀಕ್ಷೆಯನ್ನು ಅಸಿಂಧುವೆಂದು ಒಪ್ಪಿ ಮರುದೀಕ್ಷೆಗೆ ತಲೆಯೊಡ್ಡುವುದು ಇತರರಿಗೆ ಸಾಧ್ಯವಿರಲಿಲ್ಲ. ಪರಂಪರೆಯ ಪ್ರಶ್ನೆಯು ಎಷ್ಟು ತೀಕ್ಷ್ಣವಾದುದೆಂಬುದಕ್ಕೆ ದೂರದ ದೃಷ್ಟಾಂತವೇ ಬೇಕಿಲ್ಲ. ಬ್ರಹ್ಮಾವರದಲ್ಲಿ ೧೮೮೯ರ ಸುಮಾರಿಗೆ ಆದ ಭೇದವೂ ಮುಖ್ಯವಾಗಿ ಸಿದ್ಧಾಂತದ್ದಲ್ಲ. ಪೋರ್ಚುಗೀಸ್ ದೊರೆಯ ಹಕ್ಕಿಗೂ ರೋಮಿನ ನೇರವಾದ ಆಡಳಿತಕ್ಕೂ ನಡುವೆ ಬಿಷಪರ ಅಧಿಕಾರವು ಯಾರದೆಂಬ ವಿವಾದದ ಫಲವದು.

ಐಕ್ಯಸಭೆಯು ಮಾಡಿದ ವ್ಯವಸ್ಥೆಯು ಹೀಗೆ: ಇನ್ನು ಮುಂದೆ ಎಲ್ಲ ದೀಕ್ಷೆಗಳೂ ಬಿಷಪರಿಂದಲೇ ನಡೆಯತಕ್ಕದ್ದು; ಆದರೆ ಐಕ್ಯದ ದಿನ ಇದ್ದ ಸಭಾಪಾಲಕರೆಲ್ಲರೂ ಮರುದೀಕ್ಷೆಯಿಲ್ಲದೆಯೇ ಅಂಗೀಕೃತರು. ಮೂವತ್ತು ವರ್ಷಗಳಲ್ಲಿ ಸಭಾಪಾಲಕವರ್ಗವೆಲ್ಲವೂ ಸಹಜವಾಗಿ ಏಕರೂಪವಾಗುವುದೆಂದು ನಿರೀಕ್ಷಿಸಿದರು. ಬಿಷಪರನ್ನು ಆರಿಸುವುದರಲ್ಲಿಯೂ ಸಭೆಯನ್ನು ಆಳುವುದರಲ್ಲಿಯೂ ಸಭಾಪಾಲಕರಿಗೂ ಸಾಮಾನ್ಯ ಸಭಿಕರಿಗೂ ಪಾಲು ಇರುವಂತೆ ನಿಯಮಿಸಿದರು. ಬಿಷಪರ ಪದವಿಯನ್ನು ಎಲ್ಲರೂ ಸ್ವೀಕರಿಸಬೇಕು. ಅದು ಸಭೆಯ ಪ್ರಾಣವೇ, ಸುವ್ಯವಸ್ಥೆಗೆ ಉಪಕಾರಕವೇ ಎಂಬ ವ್ಯಾಖ್ಯಾನವು ಮಾತ್ರ ಅವರವರ ಮನಸ್ಸಾಕ್ಷಿಗೆ ಬಿಟ್ಟದ್ದು. ಆಚಾರವು ಒಂದು, ಅರ್ಥವು ಹಲವು.

೬. ವಿಕಲ್ಪವೂ ಅದರ ದೋಷಗಳೂ

ಉಳಿದ ವಿಷಯಗಳಲ್ಲಿ ವ್ಯವಸ್ಥಿತವಿಕಲ್ಪವೇ ನಿಯಮವಾಯಿತು. ಯಾವ ಸಭೆಯ ಮೇಲೂ ಅದರ ಮನಸ್ಸಾಕ್ಷಿಗೆ ಒಪ್ಪದ ಸಭಾಪಾಲಕನನ್ನಾಗಲಿ ಪೂಜಾಕ್ರಮವನ್ನಾಗಲಿ ಹೇರಕೂಡದೆಂದು ಪರಸ್ಪರ ಪ್ರತಿಜ್ಞೆಯಾಯಿತು. ಬಾಸೆಲಿನ ಸರಳಕ್ರಮಕ್ಕೆ ಒಗ್ಗಿದವರು ಅದನ್ನು ಬಿಡಬೇಕಾಗಿರಲಿಲ್ಲ. ದೀಪ, ವಸ್ತ್ರ, ಮಂಡಿಯೂರುವಿಕೆಗಳಿಗೆ ಒಗ್ಗಿದವರು ಅವುಗಳನ್ನು ಬಿಡಬೇಕಾಗಿರಲಿಲ್ಲ. ೧೯೭೦ರಲ್ಲಿ ನಾಗಪುರದಲ್ಲಿ ಸ್ಥಾಪಿತವಾದ ಉತ್ತರ ಭಾರತ ಸಭೆಯು ಇದೇ ನ್ಯಾಯವನ್ನು ಇನ್ನೂ ಮುಂದಕ್ಕೊಯ್ದಿತು. ಅದರಲ್ಲಿ ಬ್ಯಾಪ್ಟಿಸ್ಟರೂ ಸೇರಿದ್ದರಿಂದ, ಶಿಶುವಿಗೆ ದೀಕ್ಷಾಸ್ನಾನವನ್ನು ಕೊಡುವುದೂ ಪ್ರಾಯಕ್ಕೆ ಬಂದು ವಿಶ್ವಾಸವನ್ನು ಅರಿಕೆಮಾಡಿದವನಿಗೆ ಕೊಡುವುದೂ ಎರಡೂ ಸಮ್ಮತವಾದುವು.

ಆದರೆ ವಿಕಲ್ಪವು ಎಂಟು ದೋಷಗಳಿಂದ ಕೂಡಿದುದೆಂದು ಮೀಮಾಂಸಕರು ಎಚ್ಚರಿಸಿರುವರು. ಬೇರೆ ಗತಿಯಿಲ್ಲದಾಗ ಮಾತ್ರ ಅದನ್ನು ಆಶ್ರಯಿಸಬೇಕು. ಒಂದನ್ನು ಹಿಡಿದಾಗ ಇನ್ನೊಂದರ ಪ್ರಾಮಾಣ್ಯವನ್ನು ಬಿಟ್ಟಂತಾಗುವುದು ಮೊದಲಾದುವು ಆ ದೋಷಗಳು. ಐಕ್ಯಸಭೆಯ ವಿಮರ್ಶಕರೂ ಇದೇ ಆಕ್ಷೇಪವನ್ನು ತಂದರು. ಇಂಗ್ಲಿಷ್ ಕವಿ ಟಿ. ಎಸ್. ಎಲಿಯಟರು ೧೯೪೩ರಲ್ಲಿ ಈ ಯೋಜನೆಯನ್ನು ಖಂಡಿಸಿ ಒಂದು ಪುಸ್ತಿಕೆಯನ್ನೇ ಬರೆದರು. ೧೯೪೮ರ ಲ್ಯಾಂಬೆತ್ ಸಮ್ಮೇಳನವು ಹೊಸ ಸಭೆಗೆ ಪೂರ್ಣಸಹವಾಸವನ್ನು ಕೊಡಲು ಹಿಂಜರಿಯಿತು. ನಂದ್ಯಾಲದ ಕಡೆಯ ಆಂಗ್ಲಿಕನ್ನರಲ್ಲಿ ಹಲವರು ಐಕ್ಯಕ್ಕೆ ಸೇರದೆ ನಿಂತರು. ಅವರು ಸೇರಿದ್ದು ೧೯೭೫ರಲ್ಲಿ. ಹೀಗೆ, ಐಕ್ಯಕ್ಕಾಗಿ ಮಾಡಿದ ಯತ್ನದಿಂದಲೇ ಇಪ್ಪತ್ತೆಂಟು ವರ್ಷಗಳ ಕಾಲ ಒಂದು ಹೊಸ ಭೇದವೂ ನಿಂತಿತ್ತು.

ಈ ಆಕ್ಷೇಪಕ್ಕೆ ಸಮಾಧಾನವೇನು? ಯಾರ ಅರ್ಥವು ಸರಿಯೆಂಬುದನ್ನು ಮೊದಲು ನಿರ್ಣಯಿಸಿ ಆಮೇಲೆ ಒಂದಾಗುವುದು ತಾರ್ಕಿಕನ ಮಾರ್ಗ. ಮೊದಲು ಒಂದಾಗಿ, ಜತೆಯಾಗಿ ಬಾಳುತ್ತ ಅರ್ಥವನ್ನು ಕಂಡುಕೊಳ್ಳುವುದು ಕುಟುಂಬದ ಮಾರ್ಗ. ಐಕ್ಯಸಭೆಯು ಎರಡನೆಯದನ್ನು ಆರಿಸಿತು. ಫಲವು ಕಾಲಕ್ರಮದಲ್ಲಿ ಕಾಣಿಸಿತು. ಹಿಂದೆ ಹಿಂಜರಿದ ಆಂಗ್ಲಿಕನ್ ಕೂಟದಲ್ಲಿಯೂ, ಲೋಕದ ಮೆಥೊಡಿಸ್ಟರ ಮತ್ತು ಸುಧಾರಿತರ ಕೂಟಗಳಲ್ಲಿಯೂ ಇಂದು ಈ ಸಭೆಯು ಸದಸ್ಯತ್ವವುಳ್ಳದಾಗಿದೆ. ಒಂದೇ ಸಭೆಯು ಮೂರು ಕುಲಗಳಿಗೆ ಸಲ್ಲುವುದು ದ್ವ್ಯಾಮುಷ್ಯಾಯಣನ ನ್ಯಾಯವನ್ನು ನೆನಪಿಗೆ ತರುವುದು. ಎರಡು ಗೋತ್ರಗಳಿಗೆ ಸೇರಿದವನು ಎರಡೂ ಕಡೆಯ ಪಿತೃಗಳಿಗೆ ಪಿಂಡವನ್ನಿಡುವಂತೆ, ಇದು ತನ್ನ ಎಲ್ಲ ಪೂರ್ವಿಕರ ಋಣವನ್ನೂ ಒಪ್ಪಿಕೊಂಡಿರುವುದು.

೭. ಪೂಜಾಕ್ರಮದಲ್ಲಿ ಐಕ್ಯದ ಲಕ್ಷಣಗಳು

ಸಿದ್ಧಾಂತವನ್ನು ತಿಳಿಯದ ಸಾಮಾನ್ಯನಿಗೆ ಐಕ್ಯವು ಗೋಚರಿಸುವುದು ಪೂಜೆಯಲ್ಲಿ. ೧೯೫೦ರಲ್ಲಿ ಮೊದಲಾಗಿ ಬಳಕೆಗೆ ಬಂದ ಕರ್ತನ ಭೋಜನದ ಕ್ರಮದಲ್ಲಿ ಎರಡು ವಿಶೇಷಗಳುಂಟು. ಒಂದನೆಯದು, ಸಭಾಪಾಲಕನು ಸಭೆಗೆ ಬೆನ್ನು ತೋರಿಸದೆ ಮೇಜಿನ ಆಚೆ ನಿಂತು ಜನರಿಗೆ ಅಭಿಮುಖನಾಗಿರುವುದು. ಎರಡನೆಯದು, ಭೋಜನಕ್ಕೆ ಮುಂಚೆ ಶಾಂತಿಯನ್ನು ಕೈಯಿಂದ ಕೈಗೆ ದಾಟಿಸುವುದು. ಸಭಾಪಾಲಕನಿಂದ ಹೊರಟ ಶಾಂತಿಯು ಸಾಲುಸಾಲಾಗಿ ಕಡೆಯ ಮನುಷ್ಯನ ತನಕ ಹೋಗುವುದು. ಈ ಆಚಾರವು ಆಂಗ್ಲಿಕನ್ನರಿಂದಾಗಲಿ ಬಾಸೆಲಿನವರಿಂದಾಗಲಿ ಬಂದುದಲ್ಲ. ಮಲಯಾಳದ ಸಂತ ತೋಮರ ಕ್ರೈಸ್ತರ ಪ್ರಾಚೀನ ಸಿರಿಯನ್ ಪೂಜಾಕ್ರಮದಿಂದ ತೆಗೆದುಕೊಂಡದ್ದು. ಈ ಎರಡು ಲಕ್ಷಣಗಳೂ ಮುಂದೆ ಇತರ ದೇಶಗಳ ಅನೇಕ ಸಭೆಗಳಲ್ಲಿಯೂ ಬಳಕೆಗೆ ಬಂದುವು.

ಬೆಳೆಹಬ್ಬವೆಂಬುದು ಇವರಲ್ಲಿ ಇನ್ನೊಂದು ವಿಶೇಷ. ಮೊದಲ ಫಲವನ್ನು ದೇವರಿಗೆ ಅರ್ಪಿಸುವ ಈ ಹಬ್ಬದಲ್ಲಿ ತೆಂಗು, ಬಾಳೆ, ಬತ್ತ, ತರಕಾರಿಗಳನ್ನು ದೇವಾಲಯಕ್ಕೆ ತಂದೊಪ್ಪಿಸುವರು. ಅವುಗಳ ಏಲಮಿನಿಂದ ಬಂದ ಹಣವು ಸಭೆಯ ಕಾರ್ಯಕ್ಕೆ ಸಲ್ಲುವುದು. ಹೊಸ ತೆನೆಯನ್ನು ಮನೆ ತುಂಬಿಸಿಕೊಳ್ಳುವ ಕುಂದಾಪುರ ಸೀಮೆಯ ರೈತನಿಗೆ ಈ ಹಬ್ಬದ ಭಾವವು ಹೊರಗಿನದೆಂದು ತೋರಲಾರದು.

೮. ವಿಶ್ವಾಸದಿಂದ ಹುಟ್ಟಿದ ಮೌಲ್ಯಗಳು

ಒಂದೇ ಮೇಜೆಂಬ ತತ್ತ್ವವು ಈ ದೇಶದಲ್ಲಿ ಎದುರಿಸಿದ ಮುಖ್ಯ ಪರೀಕ್ಷೆಯು ಲೂಥರ ಜ್ವಿಂಗ್ಲಿಗಳ ವಾದವಲ್ಲ, ಜಾತಿ. ಬಾಸೆಲ್ ಮಿಶನ್ನಿನವರು ಸಭೆಯೊಳಗೆ ಜಾತಿಭೇದಕ್ಕೆ ಅವಕಾಶ ಕೊಡಲಿಲ್ಲ. ಭಿನ್ನ ಕುಲಗಳಿಂದ ಬಂದವರು ಒಂದೇ ಪಾತ್ರೆಯಿಂದ ಕುಡಿಯಬೇಕಾಗಿತ್ತು. ಹಾಗೆ ಕುಡಿದವನು ತನ್ನ ಕುಲದ ಬಾಂಧವ್ಯವನ್ನೂ ಅನೇಕ ವೇಳೆ ಒಕ್ಕಲುತನವನ್ನೂ ಕುಲಕಸಬನ್ನೂ ಕಳೆದುಕೊಳ್ಳುತ್ತಿದ್ದನು. ಮಿಶನ್ನಿನವರು ನೆಯಿಗೆಯ ಶಾಲೆಗಳನ್ನೂ, ೧೮೬೫ರಲ್ಲಿ ಮಂಗಳೂರಿನ ಜೆಪ್ಪಿನಲ್ಲಿ ಹಂಚಿನ ಕಾರ್ಖಾನೆಯನ್ನೂ, ಆಮೇಲೆ ಮಲ್ಪೆಯೇ ಮೊದಲಾದ ಕಡೆಗಳಲ್ಲಿ ಅಂಥವನ್ನೂ ಸ್ಥಾಪಿಸಿದುದಕ್ಕೆ ಇದು ಒಂದು ಮುಖ್ಯ ಕಾರಣ. ಕರಾವಳಿಯ ಮನೆಗಳ ಮೇಲೆ ಹುಲ್ಲು ಮುಳಿಗಳ ಬದಲು ಕೆಂಪು ಹಂಚು ಕಾಣಿಸಿದುದರ ಹಿಂದೆ ಈ ಒಂದೇ ಪಾತ್ರೆಯ ಕಥೆಯೂ ಅಡಗಿದೆ. ಕೈಕೆಲಸವು ಹೀನವಲ್ಲವೆಂಬ ಭಾವನೆ, ಹೆಣ್ಣುಮಕ್ಕಳ ವಿದ್ಯಾಭ್ಯಾಸ, ರೋಗಿಗಳ ಸೇವೆ ಇವೂ ಅದೇ ಬೇರಿನಿಂದ ಬಂದುವು. ಉಡುಪಿಯಲ್ಲಿ ೧೯೨೩ರಲ್ಲಿ ಈವಾ ಲೊಂಬಾರ್ಡ್ ಎಂಬ ವೈದ್ಯೆಯು ತೆರೆದ ಆಸ್ಪತ್ರೆಯು ಇದಕ್ಕೆ ನಿದರ್ಶನ.

ಸ್ತ್ರೀಯರ ವಿಷಯದಲ್ಲಿ ಐಕ್ಯಸಭೆಯು ತನ್ನ ಪೂರ್ವಿಕರಿಗಿಂತ ಮುಂದೆ ಹೋಯಿತು. ೧೯೭೬ರಿಂದ ಸ್ತ್ರೀಯರಿಗೆ ಸಭಾಪಾಲಕದೀಕ್ಷೆಯನ್ನು ಕೊಡಲಾಗುತ್ತಿದೆ, ೨೦೧೩ರಲ್ಲಿ ಇ. ಪುಷ್ಪಲಲಿತಾ ಎಂಬವರು ನಂದ್ಯಾಲದ ಬಿಷಪರಾದರು. ಐಕ್ಯವನ್ನು ಬಹುಕಾಲ ಒಪ್ಪದೆ ನಿಂತಿದ್ದ ಸೀಮೆಯೇ ಈ ನೂತನಕ್ಕೆ ಮೊದಲಾಗಿ ಸ್ಥಳಕೊಟ್ಟಿತೆಂಬುದು ಚರಿತ್ರೆಯ ವೈಚಿತ್ರ್ಯ.

ಆದರ್ಶವನ್ನು ಹೇಳುವಾಗ ಲೋಪಗಳನ್ನು ಮರೆಸುವುದು ವಿಮರ್ಶೆಯ ಲಕ್ಷಣವಲ್ಲ. ದಕ್ಷಿಣ ಭಾರತದ ಸಭೆಗಳಲ್ಲಿ ವಿವಾಹಸಂಬಂಧ, ಚುನಾವಣೆಗಳ ಕಾಲದಲ್ಲಿ ಜಾತಿಯು ಮತ್ತೆ ತಲೆಯೆತ್ತುವುದುಂಟು. ಮಿಶನ್ನುಗಳಿಂದ ಬಂದ ಆಸ್ತಿಯ ವಿಷಯದಲ್ಲಿ ವ್ಯಾಜ್ಯಗಳು ನ್ಯಾಯಸ್ಥಾನಕ್ಕೆ ಹೋದುದುಂಟು. ವಿಶ್ವಾಸಪ್ರಮಾಣದಲ್ಲಿ ಒಂದಾಗುವುದಕ್ಕಿಂತ ಆಸ್ತಿಯಲ್ಲಿ ಒಂದಾಗುವುದು ಕಷ್ಟವೆಂಬುದು ಕೂಡುಕುಟುಂಬದ ಧರ್ಮಶಾಸ್ತ್ರವನ್ನು ಓದಿದವರಿಗೆ ಹೊಸ ಸಂಗತಿಯಲ್ಲ.

೯. ಉಪಸಂಹಾರ

ಇಲ್ಲಿಯ ತನಕ ವಿವರಿಸಿದುದರಿಂದ ನಿಷ್ಪನ್ನವಾಗುವ ಅಂಶವಿಷ್ಟು. ಐಕ್ಯಸಭೆಯ ವಿಶ್ವಾಸವು ಎಲ್ಲ ಸಂಪ್ರದಾಯಗಳನ್ನು ಕಲಸಿ ಮಾಡಿದ ಮಿಶ್ರಣವಲ್ಲ. ಪ್ರಧಾನವನ್ನು ಅಂಗದಿಂದ ಬೇರ್ಪಡಿಸಿದ ವಿವೇಕದ ಫಲ. ಆ ವಿವೇಕಕ್ಕೆ ಬೆಲೆಯುಂಟು. ಬಿಷಪರಿಲ್ಲದವರು ಬಿಷಪರನ್ನು ಸ್ವೀಕರಿಸಿದರು. ಬಿಷಪರುಳ್ಳವರು ಬಿಷಪರ ಹಸ್ತಸ್ಪರ್ಶವಿಲ್ಲದವನ ಕೈಯಿಂದ ರೊಟ್ಟಿಯನ್ನು ಸ್ವೀಕರಿಸಿದರು. ಒಬ್ಬನು ತನಗೆ ಅಂಗವೆಂದು ತೋರಿದುದನ್ನು ಮತ್ತೊಬ್ಬನ ಸಲುವಾಗಿ ಪ್ರಧಾನವೆಂದು ಕೈಗೊಂಡನು. ಮತ್ತೊಬ್ಬನು ತನಗೆ ಪ್ರಧಾನವೆಂದು ತೋರಿದುದನ್ನು ಒಂದು ತಲೆಮಾರಿನ ತನಕ ಸಡಿಲಿಸಿದನು. ಯೋಹಾನನ ಸುವಾರ್ತೆಯ ಹದಿನೇಳನೆಯ ಅಧ್ಯಾಯದಲ್ಲಿ ಕ್ರಿಸ್ತನು ತನ್ನವರೆಲ್ಲರೂ ಒಂದಾಗಿರಲೆಂದು ಮಾಡಿದ ಪ್ರಾರ್ಥನೆಯನ್ನು ಈ ಸಭೆಯು ತನ್ನ ಲಾಂಛನವಾದ ಕಮಲ ಮತ್ತು ಶಿಲುಬೆಗಳೊಡನೆ ಧರಿಸಿರುವುದು ಇದೇ ಅಭಿಪ್ರಾಯದಿಂದ.

ಆದರೆ ಕಾರ್ಯವು ಪೂರ್ಣವಾಗಿಲ್ಲ. ೧೯೭೮ರಲ್ಲಿ ದಕ್ಷಿಣ ಭಾರತ ಸಭೆ, ಉತ್ತರ ಭಾರತ ಸಭೆ, ಮಾರ್ ತೋಮಾ ಸಭೆಗಳ ಕೂಡುಮಂಡಳಿಯು ಏರ್ಪಟ್ಟಿತು. ಕುಂದಾಪುರದ ಕೆಥೋಲಿಕರೊಡನೆಯೂ ಬ್ರಹ್ಮಾವರದ ಆರ್ಥೊಡಾಕ್ಸರೊಡನೆಯೂ ಕೂಡಿ ಪ್ರಾರ್ಥಿಸಬಹುದಾದರೂ ಒಂದೇ ಭೋಜನದ ಸಹಭಾಗಿತ್ವವು ಇನ್ನೂ ಇಲ್ಲ. ಸಿರಿಯನ್ನರ ಪೂಜಾಕ್ರಮದಿಂದ ಬಂದ ಶಾಂತಿಯು ಐಕ್ಯಸಭೆಯ ಸಾಲುಗಳಲ್ಲಿ ಕೈಯಿಂದ ಕೈಗೆ ದಾಟುತ್ತಿದೆ. ಅದನ್ನು ಕೊಟ್ಟ ಪರಂಪರೆಯ ಆರ್ಥೊಡಾಕ್ಸರ ಮೇಜು ಮಾತ್ರ ಬೇರೆಯಾಗಿಯೇ ಉಳಿದಿದೆ.